ಶಾಲೆಯ ಮೆಟ್ಟಿಲು ಹತ್ತುವ ಮುನ್ನ

(ಗ್ರಾಮವೊಂದರ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ವೈದ್ಯನಾದವನು ಸಭೆಗೆ ಬಂದರೆ ಲಸಿಕೆಯ ಮಾತನ್ನೋ ಶಸ್ತ್ರಚಿಕಿತ್ಸೆಯ ಮಾತನ್ನೋ ಆಡುತ್ತಾನೆಂದು ನೀವು ಎಣಿಸಿರಬಹುದು. ಆ ಮಾತುಗಳೂ ನಡುವೆ ಬಂದೇ ಬರುತ್ತವೆ. ಆದರೆ ಈ ದಿನ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ವಿದ್ಯೆಯ ವಿಷಯ. ಅದರಲ್ಲಿಯೂ, ಇನ್ನೂ ಶಾಲೆಗೆ ಸೇರದ, 3ರಿಂದ 6 ವರ್ಷದವರೆಗಿನ ಮಕ್ಕಳ ವಿದ್ಯೆಯ ವಿಷಯ. ಇದು ಮೇಷ್ಟರ ಕೆಲಸ, ಡಾಕ್ಟರಿಗೇಕೆ ಎಂದು ಕೇಳಬೇಡಿ. ಒಂದನೆಯ ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳಲ್ಲಿ ಅನೇಕರು ಮೇಷ್ಟರ ಎದುರು ಕುಳಿತುಕೊಳ್ಳುವುದಕ್ಕೆ ಬಹಳ ಮುಂಚೆಯೇ ನಮ್ಮ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕುಳಿತಿದ್ದವರು. ರಕ್ತವಿಲ್ಲದೆ ಬಿಳಿಚಿಕೊಂಡವರು, ಕಿವಿ ಸೋರುವವರು, ಹೆಸರು ಕೇಳಿದರೆ ತಾಯಿಯ ಸೆರಗಿನೊಳಗೆ ಮುಖ ಮುಚ್ಚಿಕೊಳ್ಳುವವರು. ಜೂನ್ ತಿಂಗಳಲ್ಲಿ ಶಾಲೆಗೆ ಸೇರಿಸಿ ನವೆಂಬರಿನಲ್ಲಿ ‘ಇವನ ತಲೆಗೆ ಏನೂ ಹತ್ತುವುದಿಲ್ಲ’ ಎಂದು ಕೈಚೆಲ್ಲುವ ತಂದೆತಾಯಿಗಳಿಗೆ ನಾನು ಹೇಳುವುದಿಷ್ಟೆ: ತಲೆ ಬೆಳೆಯುವ ಕಾಲ ಅದಕ್ಕೂ ಮುಂಚೆಯೇ ಬಹಳ ಮಟ್ಟಿಗೆ ಕಳೆದುಹೋಗಿರುತ್ತದೆ.

ಆಗತಾನೆ ಹುಟ್ಟಿದ ಕೂಸಿನ ಮಿದುಳು ಸುಮಾರು 350 ಗ್ರಾಂ ತೂಗುತ್ತದೆ. 6ನೆಯ ವಯಸ್ಸಿನ ಹೊತ್ತಿಗೆ ಅದು ದೊಡ್ಡವರ ಮಿದುಳಿನ ಗಾತ್ರದ ಹತ್ತರಲ್ಲಿ ಒಂಬತ್ತು ಪಾಲನ್ನು ಮುಟ್ಟಿಬಿಡುತ್ತದೆ. ದೇಹದ ಬೇರೆ ಯಾವ ಅಂಗವೂ ಇಷ್ಟು ಆತುರದಿಂದ ಬೆಳೆಯುವುದಿಲ್ಲ. ನೀವು ಬೇಸಾಯಗಾರರು, ಸಸಿಮಡಿಯಲ್ಲಿ ಸೊರಗಿದ ಪೈರನ್ನು ನಾಟಿ ಮಾಡಿ, ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಅದು ಪಕ್ಕದ ಗದ್ದೆಯ ಪೈರಿನ ಸಮಕ್ಕೆ ಬರುವುದು ಎಷ್ಟು ಕಷ್ಟವೆಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಮಿದುಳಿನ ಸಸಿಮಡಿಗೆ ಬೇಕಾದುದು ಎರಡು. ಒಂದು, ಹೊಟ್ಟೆಗೆ ತಕ್ಕ ಆಹಾರ. ಇನ್ನೊಂದು, ಕಿವಿಗೆ ತಕ್ಕ ಮಾತು ಹಾಗೂ ಕೈಕಾಲಿಗೆ ತಕ್ಕ ಆಟ. ಮೊದಲನೆಯದನ್ನು ನಾವೆಲ್ಲರೂ ಒಪ್ಪುತ್ತೇವೆ. ಎರಡನೆಯದನ್ನು ಮಾತ್ರ ಕಾಲಹರಣವೆಂದು ತಿಳಿಯುತ್ತೇವೆ.

ನಮ್ಮ ಊರಿನಲ್ಲಿ ಅಂಗನವಾಡಿಗೆ ‘ಉಪ್ಪಿಟ್ಟಿನ ಶಾಲೆ’ ಎಂದು ಹೆಸರಿಟ್ಟಿರುವುದನ್ನು ಕೇಳಿದ್ದೇನೆ. ಹೆಸರಿಟ್ಟವರ ಮೇಲೆ ನನಗೆ ಕೋಪವಿಲ್ಲ. ಆದರೆ ಈ ಮನೆಯ ಹಿಂದಿರುವ ಕಥೆಯನ್ನು ಅವರೂ ಅರಿಯಬೇಕು. 1945ರಲ್ಲಿ ತಾರಾಬಾಯಿ ಮೋಡಕ್ ಎಂಬ ವಿದ್ಯಾವಂತ ಮಹಿಳೆಯು ಮುಂಬಯಿಗೆ ಉತ್ತರದಲ್ಲಿ, ಸಮುದ್ರತೀರದ ಬೋರ್ಡಿ ಎಂಬ ಗ್ರಾಮದಲ್ಲಿ ಚಿಕ್ಕ ಮಕ್ಕಳಿಗಾಗಿ ಶಿಕ್ಷಣ ಕೇಂದ್ರವನ್ನು ತೆರೆದರು. ಅನುತಾಯಿ ವಾಘ್ ಎಂಬವರು ಅವರ ಜೊತೆಗೂಡಿದರು. ಬಡವರ, ಆದಿವಾಸಿಗಳ ಮಕ್ಕಳು ಆ ಕೇಂದ್ರಕ್ಕೆ ತಾವಾಗಿ ಬರುವ ಸ್ಥಿತಿಯಲ್ಲಿರಲಿಲ್ಲ. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳ ಬಳಿಗೆ ಹೋಗಲಿ ಎಂದು ಆ ತಾಯಂದಿರು ಕೇರಿಯ ಮನೆಗಳ ಅಂಗಳದಲ್ಲಿಯೇ ಮಕ್ಕಳನ್ನು ಕೂಡಿಸಿಕೊಂಡು ಆಟ, ಹಾಡು, ಕಥೆಗಳನ್ನು ಆರಂಭಿಸಿದರು. ಅಂಗಳದ ಶಾಲೆಯಾದುದರಿಂದ ಅದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ಭಾರತ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಅದೇ ಹೆಸರು ದೇಶದಲ್ಲೆಲ್ಲ ನಿಂತಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, 100 ಕೇಂದ್ರಗಳೊಂದಿಗೆ. ಆ ಯೋಜನೆಯ ಆರು ಸೇವೆಗಳಲ್ಲಿ ಪೂರಕ ಆಹಾರವು ಒಂದು. ಶಾಲಾಪೂರ್ವ ಶಿಕ್ಷಣವೂ ಒಂದು. ನಾವು ಉಪ್ಪಿಟ್ಟನ್ನು ಎಣಿಸಿಕೊಂಡು ಶಿಕ್ಷಣವನ್ನು ಲೆಕ್ಕಕ್ಕೆ ಹಿಡಿಯದೆ ಹೋದರೆ ನಷ್ಟ ಯಾರಿಗೆ?

ಇನ್ನು ಕೆಲವರ ಮನಸ್ಸು ಬೇರೆ ದಿಕ್ಕಿಗೆ ಓಡಿದೆ. ಬೆಳಿಗ್ಗೆ ವ್ಯಾನು ಬಂದು 3 ವರ್ಷದ ಮಗುವನ್ನು ಹೋಬಳಿಯ ಕಾನ್ವೆಂಟಿಗೆ ಒಯ್ಯುತ್ತದೆ. ಸಾಯಂಕಾಲ ಆ ಮಗು ನಿದ್ದೆಗಣ್ಣಿನಲ್ಲಿ ಎರಡು ಪುಟ ಅಕ್ಷರ ತಿದ್ದಬೇಕು. ತಂದೆಯಾದವನು ಸಾಲ ಮಾಡಿಯಾದರೂ ಇದಕ್ಕೆ ಹಣ ಕಟ್ಟುತ್ತಿರುವುದು ಮಗುವಿನ ಮೇಲಿನ ಪ್ರೀತಿಯಿಂದಲೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಮಗುವಿನ ಕೈಯನ್ನು ಒಮ್ಮೆ ನೋಡಿ. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟುವಾಗ ಅವು ಸಾಮಾನ್ಯವಾಗಿ ಮೂಳೆಗಳೇ ಅಲ್ಲ, ಬರಿಯ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗುತ್ತ ಬಂದು, 6ನೆಯ ವಯಸ್ಸಿನಲ್ಲಿಯೂ ಎಲ್ಲವೂ ಮುಗಿದಿರುವುದಿಲ್ಲ. ಬೆರಳುಗಳ ಹಿಡಿತವೂ ಹಾಗೆಯೇ ನಿಧಾನವಾಗಿ ಪಳಗತಕ್ಕದ್ದು. ಇಂಥ ಕೈಗೆ ಪೆನ್ಸಿಲನ್ನು ತುರುಕಿ ಗೆರೆಯೊಳಗೆ ಬರೆ ಎಂದು ಗದರಿಸಿದರೆ ಮಗು ಕಲಿಯುವುದು ಅಕ್ಷರವನ್ನಲ್ಲ, ಭಯವನ್ನು.

ಹಾಗಾದರೆ ಶಾಲೆಗೆ ಸಿದ್ಧವಾದ ಮಗು ಯಾವುದು? ತನ್ನ ಹೆಸರನ್ನೂ ತಂದೆತಾಯಿಗಳ ಹೆಸರನ್ನೂ ಹೇಳಬಲ್ಲುದು. ಹೊಟ್ಟೆ ನೋವಾದರೆ, ಬಹಿರ್ದೆಸೆಗೆ ಹೋಗಬೇಕಾದರೆ ಬಾಯಿಬಿಟ್ಟು ತಿಳಿಸಬಲ್ಲುದು. ತನ್ನ ಕೈಯಿಂದ ಉಂಡು, ಉಣ್ಣುವ ಮುನ್ನ ಕೈ ತೊಳೆಯಬಲ್ಲುದು. ಕಥೆಯೊಂದನ್ನು ಕೊನೆಯವರೆಗೆ ಕೇಳಿ ‘ಆಮೇಲೆ ನರಿ ಏನು ಮಾಡಿತು?’ ಎಂದು ಕೇಳಬಲ್ಲುದು. ತನ್ನ ಸರದಿ ಬರುವತನಕ ಕಾಯಬಲ್ಲುದು. ತಾಯಿ ಕಣ್ಣಿಗೆ ಕಾಣದಿದ್ದರೂ ಮೂರು ಗಂಟೆಯ ಹೊತ್ತು ನೆಮ್ಮದಿಯಿಂದ ಇರಬಲ್ಲುದು. ಇಷ್ಟಿದ್ದ ಮಗುವಿಗೆ ಅಕ್ಷರ ಕಲಿಸುವುದು ಮೇಷ್ಟರಿಗೆ ದೊಡ್ಡ ಮಾತಲ್ಲ. ಇದಾವುದೂ ಇಲ್ಲದೆ ‘ಎ’ ಇಂದ ‘ಝಡ್’ ವರೆಗೆ ಒಪ್ಪಿಸುವ ಮಗುವಿನಿಂದ ನೆಂಟರ ಮುಂದೆ ಹೆಮ್ಮೆಯಷ್ಟೆ ಲಾಭ.

ಇವುಗಳನ್ನು ಕಲಿಸುವ ಸಾಮಗ್ರಿಯು ನಿಮ್ಮ ಜಗಲಿಯ ಮೇಲೆಯೇ ಇದೆ. ಅಳಗುಳಿ ಮಣೆಯನ್ನು ತೆಗೆದುಕೊಳ್ಳಿ. ಸಾಲಿಗೆ 7ರಂತೆ 14 ಗುಳಿಗಳು. ಒಂದೊಂದು ಗುಳಿಗೆ ಒಂದೊಂದು ಹುಣಿಸೆಬೀಜವನ್ನು ಬಿಡುತ್ತ ಹೋಗುವ ಮಗು, ಒಂದಕ್ಕೆ ಒಂದನ್ನು ಹೊಂದಿಸುವ ಗಣಿತದ ತಳಪಾಯವನ್ನು ಹಾಕಿಕೊಳ್ಳುತ್ತಿರುತ್ತದೆ; ಹೆಬ್ಬೆರಳು ತೋರುಬೆರಳುಗಳಿಂದ ಬೀಜ ಹಿಡಿದು ಹಿಡಿದು ಮುಂದೆ ಬಳಪ ಹಿಡಿಯುವುದಕ್ಕೂ ಪಳಗುತ್ತಿರುತ್ತದೆ. ಕುಂಟೆಬಿಲ್ಲೆಯಿಂದ ದೇಹದ ಸಮತೋಲ ಬರುತ್ತದೆ. ಕಣ್ಣಾಮುಚ್ಚಾಲೆಯಿಂದ ಹತ್ತರವರೆಗೆ ಎಣಿಸುವುದೂ ಕಾಯುವುದೂ ಬರುತ್ತವೆ. ಅಜ್ಜಿಯ ಒಗಟು ಮಾತಿನ ಸಂಪತ್ತನ್ನು ಹೆಚ್ಚಿಸುತ್ತದೆ. ಅಂಗನವಾಡಿಯ ಕಾರ್ಯಕರ್ತೆಯು ಮಕ್ಕಳನ್ನು ವೃತ್ತಾಕಾರವಾಗಿ ನಿಲ್ಲಿಸಿ ಹಾಡಿಸುವುದನ್ನು ನೋಡಿ ‘ದಿನವೆಲ್ಲ ಆಟ, ಪಾಠವೆಲ್ಲಿ?’ ಎಂದು ಆಕ್ಷೇಪಿಸುವವರು ಒಂದು ದಿನ ಒಳಗೆ ಬಂದು ಅರ್ಧ ಗಂಟೆ ಕುಳಿತು ನೋಡಬೇಕು. ಊರಿನ ಅಜ್ಜಂದಿರಿಗೆ ನನ್ನ ವಿಶೇಷ ವಿನಂತಿ: ಅರಳಿಕಟ್ಟೆಯ ಮೇಲೆ ಕಳೆಯುವ ಹೊತ್ತಿನಲ್ಲಿ ವಾರಕ್ಕೊಂದು ಗಂಟೆಯನ್ನು ಅಂಗನವಾಡಿಗೆ ಕೊಡಿ. ಬಡಗಿಯು ಉಳಿದ ಮರದ ತುಂಡುಗಳನ್ನು ಉಜ್ಜಿ ನಯ ಮಾಡಿ ಕೊಟ್ಟರೆ, ಕುಂಬಾರನು ಹಿಡಿ ಮಣ್ಣು ಕೊಟ್ಟರೆ, ಪೇಟೆಯ ಯಾವ ಆಟಿಕೆಯೂ ಅದಕ್ಕೆ ಸಮವಲ್ಲ.

ಮನೆಯಲ್ಲಿ ಮಗುವಿನ ಜೊತೆ ಮಾತನಾಡುವ ಕೆಲಸವು ತಾಯಿಯದೊಬ್ಬಳದೇ ಎಂದು ತಂದೆಯರು ತಿಳಿದಂತಿದೆ. ಹೊಲಕ್ಕೆ ಕರೆದೊಯ್ದಾಗ ‘ಇದು ಅವರೆ, ಇದು ತೊಗರಿ, ಇದು ಕಳೆ’ ಎಂದು ತೋರಿಸಿದರೆ ಅದೇ ಪಾಠ. ಮಗು ನೂರು ಸಲ ‘ಅದೇನು?’ ಎಂದರೆ ನೂರು ಸಲವೂ ಉತ್ತರಿಸುವ ತಾಳ್ಮೆ ಬೇಕು. ಅದರ ಬದಲು ಅಳುವ ಮಗುವಿನ ಕೈಗೆ ಮೊಬೈಲ್ ಫೋನನ್ನು ಕೊಟ್ಟು ಸುಮ್ಮನಾಗಿಸುವ ಪದ್ಧತಿ ಈಗ ಹಳ್ಳಿಗಳಿಗೂ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಈ ಬಗ್ಗೆ ಸಲಹೆ ನೀಡಿದೆ: 2 ವರ್ಷ ತುಂಬುವವರೆಗೆ ಅದು ಬೇಡವೇ ಬೇಡ, 2ರಿಂದ 4 ವರ್ಷದವರಿಗೂ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಲ್ಲದು. ಫೋನು ಮಾತನಾಡುತ್ತದೆ, ನಿಜ. ಆದರೆ ಮಗುವಿನ ಪ್ರಶ್ನೆಗೆ ಅದು ಕಿವಿಗೊಡುವುದಿಲ್ಲ. ಇದೇ ಸಂದರ್ಭದಲ್ಲಿ ನನ್ನದೊಂದು ದೂರು: ‘ತಂಟೆ ಮಾಡಿದರೆ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುತ್ತೇನೆ’, ‘ಮೇಷ್ಟರಿಗೆ ಹಿಡಿದು ಕೊಡುತ್ತೇನೆ’ ಎಂದು ಹೆದರಿಸಬೇಡಿ. ನೀವು ನಮ್ಮನ್ನು ಗುಮ್ಮನನ್ನಾಗಿ ಮಾಡಿಬಿಟ್ಟರೆ ಆ ಮಗು ಆಸ್ಪತ್ರೆಗೂ ಶಾಲೆಗೂ ನಗುತ್ತ ಬರುವುದು ಹೇಗೆ?

ಈಗ ಸ್ವಲ್ಪ ಕಹಿಯಾದ ವಿಷಯಕ್ಕೆ ಬರುತ್ತೇನೆ. ಕಳೆದ ಸುಗ್ಗಿಯ ಕಾಲದಲ್ಲಿ ನಮ್ಮ ಆರೋಗ್ಯ ಕೇಂದ್ರಕ್ಕೆ ಒಬ್ಬ ಹುಡುಗಿ ಬಂದಳು. ವಯಸ್ಸು ಒಂಬತ್ತೋ ಹತ್ತೋ ಇದ್ದೀತು. ಸೊಂಟದ ಮೇಲೆ ತಮ್ಮ, ಅವನಿಗೆ ಭೇದಿ. ಎಷ್ಟು ಸಲ ಆಯಿತು, ಏನು ತಿಂದ, ಮೂತ್ರ ಯಾವಾಗ ಹೋಯಿತು ಎಂದು ಕೇಳಿದ ಎಲ್ಲಕ್ಕೂ ಹೆತ್ತ ತಾಯಿಯಂತೆ ಉತ್ತರ ಕೊಟ್ಟಳು. ಒಂದು ಲೀಟರು ನೀರಿಗೆ ಓ.ಆರ್.ಎಸ್. ಪೊಟ್ಟಣವನ್ನು ಬೆರೆಸುವ ಕ್ರಮವನ್ನು ಒಮ್ಮೆ ಹೇಳಿದ ಕೂಡಲೇ ತಪ್ಪಿಲ್ಲದೆ ನನಗೇ ತಿರುಗಿ ಒಪ್ಪಿಸಿದಳು. ‘ಎಷ್ಟನೆಯ ಕ್ಲಾಸಮ್ಮ?’ ಎಂದು ಕೇಳಿದೆ. ‘ನಾಲ್ಕಕ್ಕೆ ಹೋಗ್ತಿದ್ದೆ ಸಾರ್’ ಎಂದಳು. ಹೋಗುತ್ತಿದ್ದೆ ಎಂದಳೇ ಹೊರತು, ಹೋಗುತ್ತೇನೆ ಎನ್ನಲಿಲ್ಲ.

ಅಷ್ಟು ಚುರುಕಾದ ಹುಡುಗಿಯ ಓದನ್ನು ನಿಲ್ಲಿಸಿದ್ದು ಯಾವ ದುಷ್ಟರೂ ಅಲ್ಲ. ತಾಯಿ ಕೂಲಿಗೆ ಹೋಗಲೇಬೇಕು, ಕೂಸನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಚಿಕ್ಕ ಮಗುವಿನ ಅಂಗನವಾಡಿಯು ದೊಡ್ಡ ಮಗಳ ಶಾಲೆಯೂ ಹೌದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ತಮ್ಮ ಅಲ್ಲಿ ಕುಳಿತರೆ ಅಕ್ಕ ಇಲ್ಲಿ ಕುಳಿತುಕೊಳ್ಳಬಲ್ಲಳು. 3 ವರ್ಷ ತುಂಬಿದ ಮಗುವಿನ ಮಟ್ಟಿಗೆ ದಾರಿ ನೇರವಾಗಿದೆ. ಅದಕ್ಕಿಂತ ಚಿಕ್ಕವರಿಗಾಗಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 2023ರಿಂದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯಲಾರಂಭಿಸಿದರು. ನಿಮ್ಮ ಪಂಚಾಯಿತಿಯಲ್ಲಿ ಅದರ ಸ್ಥಿತಿ ಏನೆಂದು ಸದಸ್ಯರನ್ನು ಈ ಸಭೆಯಲ್ಲಿಯೇ ವಿಚಾರಿಸಿರಿ. ಅದೂ ಇಲ್ಲದ ಕಡೆ, ಕೂಲಿಗೆ ಹೊರಡುವ ಹೊತ್ತಿಗೂ ಅಂಗನವಾಡಿಯ ಬಾಗಿಲು ತೆರೆಯುವ ಹೊತ್ತಿಗೂ ನಡುವೆ ಒಂದೆರಡು ಗಂಟೆಯ ಅಂತರ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಶಾಲೆ ತಪ್ಪುವುದು ಆ ಅಂತರದಲ್ಲಿಯೇ. ಸ್ತ್ರೀಶಕ್ತಿ ಗುಂಪಿನ ಸದಸ್ಯೆಯರು ಸರದಿಯಂತೆ ಆ ಹೊತ್ತನ್ನು ಹಂಚಿಕೊಂಡು, ಕೇರಿಯ ಮಕ್ಕಳನ್ನು ಒಂದು ಜಗಲಿಯಲ್ಲಿ ಕೂಡಿಸಿಕೊಂಡು ನೋಡಿಕೊಳ್ಳಲು ಸಾಧ್ಯವಿಲ್ಲವೇ? ತಿಂಗಳಿಗೆ ಒಬ್ಬರಿಗೆ ಎರಡು ಮೂರು ದಿನ ಬಂದೀತು. ಸಾಲದ ಕಂತನ್ನು ತಪ್ಪದೆ ಕಟ್ಟುವ ನಿಮಗೆ ಇದು ಅಸಾಧ್ಯವೆಂದು ನಾನು ನಂಬಲಾರೆ.

ಮಕ್ಕಳು ಹತ್ತಿರ ಹತ್ತಿರ ಹುಟ್ಟಿದ ಮನೆಗಳಲ್ಲಿ ಈ ಹೊರೆ ಹಿರಿಯ ಮಗಳ ಸೊಂಟದಿಂದ ಇಳಿಯುವುದೇ ಇಲ್ಲ. ಒಂದು ಹೆರಿಗೆಯಿಂದ ಇನ್ನೊಂದಕ್ಕೆ ಕನಿಷ್ಠ 3 ವರ್ಷದ ಅಂತರವಿರಲಿ ಎಂದು ನಾವು ಹೇಳುವುದು ತಾಯಿಯ ರಕ್ತ ತುಂಬಿಕೊಳ್ಳಲೆಂದು ಮಾತ್ರವಲ್ಲ. ಮೊದಲಿನ ಮಗುವಿಗೆ ತಾಯಿಯ ಮಡಿಲೂ ಮಾತೂ ಸಿಗಲೆಂದು. ಮಗು ಅಂಗನವಾಡಿಗೆ ನಡೆದುಹೋಗುವಷ್ಟಾದ ಮೇಲೆ ತೊಟ್ಟಿಲು ಮತ್ತೆ ತೂಗಲಿ. ಅಂತರಕ್ಕಾಗಿ ಕಾಪರ್-ಟಿ ಇದೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಇದೆ, ಗಂಡಸರು ಬಳಸುವ ನಿರೋಧ್ ಇದೆ. ಇನ್ನು ಮಕ್ಕಳು ಸಾಕೆಂದು ದಂಪತಿಗಳು ಇಬ್ಬರೂ ಕೂಡಿ ತೀರ್ಮಾನಿಸಿದಲ್ಲಿ, ಪುರುಷರ ಶಸ್ತ್ರಚಿಕಿತ್ಸೆಯು ಸ್ತ್ರೀಯರದಕ್ಕಿಂತ ಸರಳವಾದುದೆಂಬುದನ್ನು ಗಂಡಂದಿರು ಗಮನಿಸಬೇಕು. ಯಾವುದು ನಿಮಗೆ ಹೊಂದುತ್ತದೆಂದು ಗಂಡಹೆಂಡಿರು ಜೊತೆಯಾಗಿ ಬಂದು ಕೇಳಿ, ಆಯ್ಕೆ ನಿಮ್ಮದು.

ಕಿವಿಯ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ತರಗತಿಯ ಹಿಂಬದಿಯಲ್ಲಿ ಗೋಡೆಗೊರಗಿ ಕೂರುತ್ತಿದ್ದ ಹುಡುಗನೊಬ್ಬನನ್ನು ಎಲ್ಲರೂ ದಡ್ಡನೆಂದೇ ತೀರ್ಮಾನಿಸಿದ್ದರು. ತಪಾಸಣೆ ಮಾಡಿದಾಗ ಎರಡು ಕಿವಿಗಳಿಂದಲೂ ಕೀವು ಸೋರುತ್ತಿತ್ತು. ‘ಚಿಕ್ಕಂದಿನಿಂದ ಸೋರುತ್ತೆ, ಬೆಳ್ಳುಳ್ಳಿ ಎಣ್ಣೆ ಬಿಡ್ತೀವಿ’ ಎಂದರು ಮನೆಯವರು. ಮೇಷ್ಟರ ಮಾತು ಅರ್ಧವೂ ಅವನನ್ನು ಮುಟ್ಟುತ್ತಿರಲಿಲ್ಲ. ದೊಡ್ಡಾಸ್ಪತ್ರೆಯ ಚಿಕಿತ್ಸೆಯಾಗಿ, ಬೆಂಚು ಮುಂದಕ್ಕೆ ಬಂದ ಮೇಲೆ ಅವನು ಲೆಕ್ಕದಲ್ಲಿ ಚುರುಕೆಂದು ತಿಳಿಯಿತು. ಇದು 3ನೆಯ ವಯಸ್ಸಿನಲ್ಲಿಯೇ ತಿಳಿಯಬಹುದಾಗಿದ್ದ ಸಂಗತಿ. ಆದುದರಿಂದ ಸೋರುವ ಕಿವಿಗೆ ಎಣ್ಣೆಯಾಗಲಿ, ಸೊಪ್ಪಿನ ರಸವಾಗಲಿ, ಎದೆಹಾಲಾಗಲಿ ಹಾಕಲೇಬೇಡಿ. ಸ್ವಚ್ಛವಾದ ಬಟ್ಟೆಯ ಬತ್ತಿಯಿಂದ ಒರೆಸಿ ನಮ್ಮಲ್ಲಿಗೆ ತನ್ನಿ. ಮಗು ಆಟದಲ್ಲಿರುವಾಗ ನಾಲ್ಕು ಹೆಜ್ಜೆ ಹಿಂದೆ ನಿಂತು ಮೆಲ್ಲನೆ ಹೆಸರು ಹಿಡಿದು ಕರೆದು ನೋಡಿ. ಪದೇ ಪದೇ ತಿರುಗದಿದ್ದರೆ ಅದನ್ನು ಹಟವೆಂದುಕೊಳ್ಳದೆ ತೋರಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡವು ವರ್ಷಕ್ಕೆ 2 ಬಾರಿ ಅಂಗನವಾಡಿಗೆ ಬರುತ್ತದೆ. ಕಿವಿ, ಕಣ್ಣು, ಹಲ್ಲು, ಹೃದಯ, ಮಾತು ಎಲ್ಲವನ್ನೂ ನೋಡುತ್ತದೆ. ಅಂದು ಮಗುವನ್ನು ಹೊಲಕ್ಕೆ ಕರೆದೊಯ್ಯಬೇಡಿ, ಮನೆಯವರೊಬ್ಬರು ಜೊತೆಯಲ್ಲಿರಿ.

ರಕ್ತಹೀನತೆಯ ಮಗು ಅಳುವುದೂ ಇಲ್ಲ, ಆಡುವುದೂ ಇಲ್ಲ. ‘ನಮ್ಮ ಮಗು ಬಹಳ ಸಾಧು’ ಎಂದು ತಾಯಿ ಮೆಚ್ಚಿಕೊಳ್ಳುತ್ತಾಳೆ! ಆಶಾ ಕಾರ್ಯಕರ್ತೆಯು ಕೊಡುವ ಕಬ್ಬಿಣಾಂಶದ ಸಿರಪ್ಪನ್ನು 6 ತಿಂಗಳಿನಿಂದ 5 ವರ್ಷದವರೆಗೆ ವಾರಕ್ಕೆ 2 ಬಾರಿ, 1 ಮಿಲಿಲೀಟರಿನಂತೆ ತಪ್ಪದೆ ಹಾಕಿ. ಮಲ ಕಪ್ಪಾದರೆ ಗಾಬರಿ ಬೇಡ. ವಿಟಮಿನ್ ‘ಎ’ ದ್ರಾವಣವನ್ನು 9ನೆಯ ತಿಂಗಳಿನಿಂದ 5 ವರ್ಷದವರೆಗೆ ಆರಾರು ತಿಂಗಳಿಗೊಮ್ಮೆ, ಜಂತುಹುಳುವಿನ ಮಾತ್ರೆಯನ್ನು ವರ್ಷಕ್ಕೆ 2 ಬಾರಿ ಕೊಡಿಸಿ. ಮನೆಯಲ್ಲಿ ರಾಗಿ, ನುಗ್ಗೆಸೊಪ್ಪು, ಹೆಸರುಕಾಳು ಇರುವಾಗ ಅಂಗಡಿಯ ಚಿಪ್ಸಿನ ಪೊಟ್ಟಣಕ್ಕೆ ಹಣ ಸುರಿಯುವುದೇಕೆ?

ಇನ್ನೊಂದು ಮಾತು. ಕೆಲವು ಮನೆಯವರು ಅಂಗನವಾಡಿಯಲ್ಲಿ ಅಡುಗೆ ಮಾಡುವಾಕೆ ಇಂಥ ಜಾತಿಯವಳೆಂದು ಮಕ್ಕಳನ್ನು ಊಟಕ್ಕೆ ಮುನ್ನ ಮನೆಗೆ ಕರೆಸಿಕೊಳ್ಳುವುದನ್ನು ನಾನು ಬಲ್ಲೆ. ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ, ಅದರ ಆಚರಣೆ ಅಪರಾಧ. ಅದು ಕಾನೂನಿನ ಮಾತಾಯಿತು. ವೈದ್ಯನಾಗಿ ನಾನು ಹೇಳುವುದು: ಪಂಕ್ತಿಯಿಂದ ಎಬ್ಬಿಸಿ ಒಯ್ದ ಮಗುವೂ, ಅದನ್ನು ನೋಡುತ್ತ ಕುಳಿತ ಮಗುವೂ, ಇಬ್ಬರೂ ಅಂದು ಒಂದು ಪಾಠ ಕಲಿತರು. ಆ ಪಾಠವನ್ನು ಅಳಿಸುವ ಔಷಧ ನಮ್ಮ ಕೇಂದ್ರದಲ್ಲಿಲ್ಲ. ಹಾಗೆಯೇ ತಾಂಡಾದಿಂದ ಬರುವ ಮಗು ಲಂಬಾಣಿಯಲ್ಲಿ, ಬೇರೊಂದು ಕೇರಿಯ ಮಗು ಉರ್ದುವಿನಲ್ಲಿ ನೀರು ಕೇಳಿದರೆ ನಗಬೇಡಿ. ಆ ಮಗುವಿನ ಹತ್ತು ಮಾತನ್ನು ಕಾರ್ಯಕರ್ತೆ ಕಲಿತರೆ, ಕನ್ನಡದ ನೂರು ಮಾತನ್ನು ಮಗು ಬೇಗ ಕಲಿಯುತ್ತದೆ.

ಕಟ್ಟಡದ ವಿಷಯ ನೀವೇ ಕಣ್ಣಾರೆ ಕಾಣುತ್ತಿದ್ದೀರಿ. ಬಾಗಿಲ ಮುಂದೆ ಚರಂಡಿ ತೆರೆದಿದೆ, ನೀರಿನ ತೊಟ್ಟಿಗೆ ಮುಚ್ಚಳವಿಲ್ಲ, ಹಿತ್ತಲಿಗೆ ಬೇಲಿಯಿಲ್ಲ. ಎಲ್ಲಕ್ಕೂ ಅರ್ಜಿ ಬರೆದು ಕಾಯಬೇಕಾಗಿಲ್ಲ. ಚರಂಡಿಗೆ ಎರಡು ಚಪ್ಪಡಿ ಕಲ್ಲು ಹಾಸುವುದು ನಾಲ್ಕು ಜನರ ಅರ್ಧ ದಿನದ ಕೆಲಸ. ಜಾತ್ರೆಯ ತೇರಿಗೆ ಹಗ್ಗ ಹಿಡಿಯುವ ಕೈಗಳೇ ಇದಕ್ಕೂ ಸಾಕು. ದೊಡ್ಡ ದುರಸ್ತಿಯನ್ನು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಪಂಚಾಯಿತಿಯಿಂದ ಪಡೆಯಿರಿ.

ಕೊನೆಯದಾಗಿ, ಬರುವ ವರ್ಷ ಶಾಲೆಗೆ ಸೇರಲಿರುವ ಮಕ್ಕಳ ತಂದೆತಾಯಿಗಳು ಗಮನಿಸಿ. 5ರಿಂದ 6 ವರ್ಷದ ನಡುವೆ ಹಾಕಿಸಬೇಕಾದ ಡಿ.ಪಿ.ಟಿ. ಲಸಿಕೆಯನ್ನು ಬಹಳ ಜನ ಮರೆಯುತ್ತಾರೆ. ತಾಯಿ ಕಾರ್ಡನ್ನು ಪೆಟ್ಟಿಗೆಯಿಂದ ಹೊರತೆಗೆದು, ಅಂಗನವಾಡಿಯಲ್ಲಿ ಲಸಿಕೆ ಹಾಕುವ ದಿನ ತನ್ನಿ. ಜನನ ಪ್ರಮಾಣಪತ್ರವಿಲ್ಲದವರು ಈಗಲೇ ಮಾಡಿಸಿಕೊಳ್ಳಿ. ಮಾರ್ಚಿ ತಿಂಗಳಲ್ಲಿ, ಬೇಸಿಗೆಯ ರಜೆಗೆ ಮುಂಚೆ, ಈ ಮಕ್ಕಳನ್ನು ಮೂರು ನಾಲ್ಕು ಬಾರಿ ಶಾಲೆಗೆ ಕರೆದೊಯ್ಯಲು ಕಾರ್ಯಕರ್ತೆಯೂ ಒಂದನೆಯ ತರಗತಿಯ ಶಿಕ್ಷಕರೂ ಒಪ್ಪಿಕೊಳ್ಳಬೇಕೆಂದು ಸಮಿತಿಯನ್ನು ಕೋರುತ್ತೇನೆ. ಮಕ್ಕಳು ಅಲ್ಲಿನ ಚಾಪೆಯ ಮೇಲೆ ಕುಳಿತು ಒಂದು ಹಾಡು ಹಾಡಿ ಬರಲಿ. ಶೌಚಾಲಯವೆಲ್ಲಿ, ಕುಡಿಯುವ ನೀರೆಲ್ಲಿ ಎಂಬುದನ್ನು ಅವರಿಗೆ ಮರೆಯದೆ ತೋರಿಸಿರಿ. ಜೂನ್ ತಿಂಗಳಲ್ಲಿ ಅಳುವ ಮಕ್ಕಳಲ್ಲಿ ಎಷ್ಟೋ ಮಂದಿ ಅಳುವುದು ಅಷ್ಟನ್ನು ತಿಳಿಯದೆ.